ದೋಣಿಗೊಂದು ಅಂಗಿ

"ಕೆರೆ ಸರಿಯಾಗ್ಲಿ, ಮೊದಲು ನಿನ್ನನ್ನೇ ಇದರಲ್ಲಿ ಕೂರಿಸ್ತೀನಿ" ಎಂದು ಮಂಜೂರ್ ಮಾತು ಕೊಟ್ಟಾಗ ಮಗಳು ಜೋಯಾ ಇನ್ನೂ ಒಂದನೇ ಕ್ಲಾಸು. ಕೊಳಚೆ ನುಗ್ಗಿ ಕೆರೆಯಲ್ಲಿ ದೋಣಿವಿಹಾರ ನಿಂತಿತ್ತು. ಅಲ್ಲಿ ಹುಟ್ಟು ಹಾಕುತ್ತಿದ್ದ ಮಂಜೂರ್ ತನ್ನ ಮರದ ದೋಣಿಯನ್ನು ಗಂಗಾನಗರದ ಮನೆಯ ಹಿತ್ತಲಿಗೆ ತಂದು, ಅದರ ಮೈ ಇನ್ನೂ ತಣ್ಣಗಿರುವಾಗಲೇ ಅಳತೆ ತೆಗೆದು ಕ್ಯಾನ್ವಾಸ್ ಹೊದಿಕೆ ಹೊಲಿದಿದ್ದ. ಒಳಗೆ ರೆಕ್ಸಿನ್ ಲೈನಿಂಗ್, ಅಂಚಿಗೆ ಸುತ್ತಲೂ ಹಿತ್ತಾಳೆ ರಿಂಗು, ಬಿಗಿಯಾದ ಹಗ್ಗ.

"ದೋಣಿಗೂ ಅಂಗಿ!" ಎಂದು ಜೋಯಾ ಚಪ್ಪಾಳೆ ತಟ್ಟಿದ್ದಳು.

ಆ ಅಂಗಿಯಿಂದಲೇ ಅವನ ಹೊಸ ಕಸುಬು ಹುಟ್ಟಿತು. ಆರ್.ಟಿ. ನಗರದಲ್ಲಿ ಆಟೋ ಹುಡ್, ಸೀಟ್ ಕವರ್ ಹೊಲಿಯುತ್ತ ಮಗಳನ್ನು ಓದಿಸಿದ. ಪ್ರತಿ ಮಳೆಗಾಲಕ್ಕೆ ಮುಂಚೆ ಹೊದಿಕೆಗೆ ಮೇಣ ಹಚ್ಚುತ್ತಿದ್ದ, ಸವೆದ ಹಗ್ಗ ಬದಲಾಯಿಸುತ್ತಿದ್ದ. ಬಿಚ್ಚಿ ನೋಡಬೇಕೆಂದು ಮಾತ್ರ ಅನ್ನಿಸಲೇ ಇಲ್ಲ. ಕೇಳಿದವರಿಗೆಲ್ಲ, "ಒಂದು ಹನಿ ಒಳಗೆ ಹೋಗಲ್ಲ" ಎನ್ನುತ್ತಿದ್ದ.

ಈಗ ಕೆರೆ ಸರಿಯಾಗಿತ್ತು. ಭಾನುವಾರ ಕೆರೆ ಹಬ್ಬ. ಹಳೆಯ ದೋಣಿಗಳನ್ನು ಆ ಒಂದು ದಿನ ನೀರಿಗಿಳಿಸಬಹುದು. ಬರುವ ಶುಕ್ರವಾರ ಜೋಯಾಳ ನಿಕಾಹ್, ಆಮೇಲೆ ಅವಳು ರಾಯಚೂರಿನ ಗಂಡನ ಮನೆಗೆ. ದೋಣಿ ಸಾಗಿಸಲೆಂದು ಶನಿವಾರ ಬೆಳಿಗ್ಗೆ ಹಳೆಯ ಜೊತೆಗಾರ ರಘುನಾಥ್ ಟೆಂಪೊ ತಂದ.

"ಏನ್ ಗುರು, ಸೊಳ್ಳೆಗೂ ಜಾಗ ಬಿಟ್ಟಿಲ್ವಲ್ಲೋ!"

"ನನ್ನ ಮದ್ವೆ ಬಟ್ಟೆ ಅದಕ್ಕೇ ಅಬ್ಬಾ ಕೈಗೆ ಕೊಡ್ಲಿಲ್ಲ ಅಂಕಲ್," ಜೋಯಾ ನಕ್ಕಳು. "ಕೊಟ್ಟಿದ್ರೆ ಉಸಿರಾಡೋಕಾಗ್ತಿರ್ಲಿಲ್ಲ."

ಮಂಜೂರ್ ನಗುತ್ತಲೇ ಹಗ್ಗ ಸಡಿಲಿಸಿದ. ಹೊದಿಕೆ ಸರಿದದ್ದೇ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಒಳಗೆಲ್ಲ ಬಿಳಿ ಬೂಷ್ಟು. ರಘುನಾಥ್ ಎತ್ತಲು ಅಂಚು ಹಿಡಿದ; ಹಲಗೆ ನೆನೆದ ಬ್ರೆಡ್ಡಿನಂತೆ ಅವನ ಕೈಗೆ ಕಿತ್ತುಬಂತು.

ಮಂಜೂರ್ ಲೈನಿಂಗನ್ನು ಮತ್ತೆ ಮತ್ತೆ ತಡವಿದ. "ಹೊಲಿಗೆ ಎಲ್ಲೂ ಬಿಟ್ಟಿಲ್ಲ ಕಣೋ. ನೋಡು ನೀನೇ."

"ಬಿಟ್ಟಿದ್ರೆ ಚೆನ್ನಾಗಿತ್ತು," ರಘುನಾಥ್ ಮೆಲ್ಲಗೆ ಹೇಳಿದ. "ನೀರಿಂದ ತೆಗೆದ ದಿನಾನೇ ಮುಚ್ಚಿಬಿಟ್ಯಲ್ಲ, ಮಂಜೂರ್. ಒಣಗೋಕೆ ಬಿಡ್ಲೇ ಇಲ್ಲ."

"ನಾಳೆ ಬೇರೆ ಯಾರದ್ದಾದ್ರೂ ದೋಣೀಲಿ ಹೋಗೋಣ ಬನ್ನಿ ಅಬ್ಬಾ," ಎಂದಳು ಜೋಯಾ.

ಮಂಜೂರ್ ಹೊದಿಕೆಯನ್ನು ಎಳೆದು ಮುಚ್ಚಿ, ಒಂದೊಂದೇ ರಿಂಗಿಗೆ ಹಗ್ಗ ಪೋಣಿಸತೊಡಗಿದ.

"ಇನ್ಯಾಕಬ್ಬಾ ಕಟ್ತಿದೀರಾ?"

"ಮೋಡ ಆಗಿದೆ."

ರಘುನಾಥ್ ಖಾಲಿ ಟೆಂಪೊ ತಿರುಗಿಸಿಕೊಂಡು ಹೋದ. ಭಾನುವಾರ ಮಂಜೂರ್ ಹಬ್ಬಕ್ಕೆ ಹೋಗದೆ ಅಂಗಡಿ ತೆರೆದ. ನಿಕಾಹ್ ಮುಗಿಸಿ ಜೋಯಾ ರಾಯಚೂರಿಗೆ ಹೊರಟಳು. ಅವಳನ್ನು ಆ ದೋಣಿಯಲ್ಲಿ ಕೂರಿಸಲು ಅಪ್ಪನಿಗೆ ಆಗಲೇ ಇಲ್ಲ.