ಎಡ ತೋಳು ಎರಡು ಬೆರಳು ಗಿಡ್ಡ

ಅಂಗಡಿಗೆ ಬರುವುದಕ್ಕೆ ಒಂದು ವಾರ ಮೊದಲೇ ಮಗಳು ತನ್ನ ರಾಕ್ ತಂಡದ ವಿಡಿಯೊ ಕ್ಯಾಸೆಟ್ಟಿನ ಒಂದು ಪ್ರತಿಯನ್ನು ಮನೆಗೆ ತಂದಳು. ಎರಡು ತಿಂಗಳ ಪ್ರವಾಸದ ಚಿತ್ರಗಳು, ನಡುವೆ ನಾಲ್ಕು ಹಾಡಿನ ವಿಡಿಯೊ. ಹೊದಿಕೆಯ ಹಿಂಬದಿಯಲ್ಲಿ ಡ್ರಮ್ಸ್ ಎಂದು ಬರೆದು ಅವಳ ಹೆಸರು. ಹೊದಿಕೆ ಸರಿಯಿದೆಯೆಂದು ನಾಲ್ಕು ಗಂಟೆಯೊಳಗೆ ಕ್ಯಾಸೆಟ್ ಕಂಪನಿಗೆ ಫೋನ್ ಮಾಡಿ ಹೇಳಬೇಕಂತೆ. ನೀನು ನೋಡುತ್ತಿರು ಎಂದು ಸ್ನಾನಕ್ಕೆ ಹೋದಳು.

ಒಗೆದ ಬಟ್ಟೆಯ ಬುಟ್ಟಿ ಮುಂದಿಟ್ಟುಕೊಂಡು ಮಡಚುತ್ತ ಕೂತೆ. ನಾದಿನಿಯೂ ಬಂದಳು. ಹಾಡುವವನ ತಲೆ ನೋಡಿ, ಇವನ ಮನೆಯಲ್ಲಿ ಬಾಚಣಿಗೆಗೆ ಗತಿಯಿಲ್ಲವೇ ಎಂದಳು.

ಮೊದಲ ಹಾಡಿನಲ್ಲಿ ಡ್ರಮ್ಸ್ ಇದ್ದ ಕಡೆ ಬರೀ ಹೊಗೆ. ಎರಡನೆಯದರಲ್ಲಿ ಮಗಳಿಗೆಂದು ನಾನು ಹೊಲಿದ ಕೆಂಪು ಅಂಗಿ ಕಂಡಿತು. ಬಾರಿಸುವ ಕೋಲು ಸಿಕ್ಕಿಕೊಳ್ಳದಿರಲೆಂದು ಅದರ ಎಡ ತೋಳನ್ನು ಎರಡು ಬೆರಳು ಗಿಡ್ಡ ಮಾಡಿದ್ದೆ. ಇಲ್ಲಿ ಆ ತೋಳು ಮೊಣಕೈಯ ಹತ್ತಿರಕ್ಕೇ ಏರಿತ್ತು. ಮಗು ಉದ್ದವಾಯಿತೇ ಎಂದುಕೊಂಡೆ. ಇಪ್ಪತ್ತಾರು ದಾಟಿದವಳು ಇನ್ನೆಲ್ಲಿ ಉದ್ದವಾಗುತ್ತಾಳೆ? ಮುಖ ನೋಡೋಣವೆಂದರೆ ತಾಳದ ತಟ್ಟೆ ಅಡ್ಡ.

ಕಣ್ಣು ಮುಚ್ಚಿದೆ. ನುಡಿಸುತ್ತಿರುವವಳು ಅವಳೇ, ಅನುಮಾನವೇ ಇಲ್ಲ. ಹಾಡು ನಿಂತು ಮತ್ತೆ ಎತ್ತಿಕೊಳ್ಳುವಾಗ ಅವಳು ಕೂದಲೆಳೆಯಷ್ಟು ಮುಂಚೆ ಹೊಡೆಯುತ್ತಾಳೆ. ಹನ್ನೊಂದು ವರ್ಷ ಅಡುಗೆಮನೆಯ ಗೋಡೆಯಾಚೆಯಿಂದ ಕೇಳಿದ್ದೇನೆ. ಕಣ್ಣು ಬಿಟ್ಟರೆ ಕೈ ಬೇರೆ ಯಾರದೋ. ಮೂರು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ.

"ಅತ್ತಿಗೆ, ಟೇಪು ಸವೆದುಹೋಗತ್ತೆ. ಏನು ಹುಡುಕ್ತಿದೀರಿ?"

"ನನ್ನ ಮಗಳನ್ನ."

ಮಗಳು ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಹೋಗಿ ಎಡ ಮಣಿಕಟ್ಟು ಹಿಡಿದರೆ ಕೈ ಎಳೆದುಕೊಂಡಳು. ಆಮೇಲೆ ಒಂದೊಂದೇ ಹೊರಬಂತು. ಮೂರನೆಯ ಊರಿನಲ್ಲಿ ಮಣಿಕಟ್ಟು ಊದಿ ಚಮಚ ಹಿಡಿಯಲೂ ಆಗಲಿಲ್ಲವಂತೆ. ಕ್ಯಾಮೆರಾದವರು ಬಂದದ್ದೇ ಅದಾದ ಮೇಲೆ. ಪರಿಚಯದ ಹುಡುಗಿಯೊಬ್ಬಳು ಇವಳ ಅಂಗಿ ತೊಟ್ಟು ಇವಳ ಜಾಗದಲ್ಲಿ ಕೂತಳು. ಪ್ರವಾಸದ ಮೊದಲ ದಿನ ಇವಳು ನುಡಿಸಿದ್ದರ ಧ್ವನಿ ಚೆನ್ನಾಗಿ ಬಂದಿತ್ತೆಂದು ಅದನ್ನೇ ಈ ಚಿತ್ರಗಳಿಗೆ ಕೂಡಿಸಿದರು. ಹೇಳಿದರೆ ಮನೆಗೆ ಬಾ ಅನ್ನುತ್ತೀಯ ಎಂದು ನನಗೆ ಹೇಳಲಿಲ್ಲವಂತೆ. ಅನ್ನುತ್ತಿದ್ದೆ, ನಿಜ.

"ಕೈ ವಾಸಿಯಾಗಿದೆ ಕಣಮ್ಮ. ಆದ್ರೆ ಅವಳ ಹೆಸರೂ ಹಾಕಿದ್ರೆ ಇನ್ಮೇಲೆ ಅವಳನ್ನೇ ಕರೀತಾರೆ. ನನ್ನ ಜಾಗ ಹೋಗತ್ತೆ." ಟೀವಿ ಕಡೆ ನೋಡಿದಳು. "ಅದರಲ್ಲಿರೋದು ನಾನಾ, ಅವಳಾ? ನೀನೇ ಹೇಳು."

ಕಣ್ಣು ಮುಚ್ಚಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು. ಆ ಹುಡುಗಿಗೂ ಒಬ್ಬ ತಾಯಿ ಇರಬಹುದು. ಅವಳೂ ಎಲ್ಲೋ ಹೀಗೇ ಕೂತು, ಕೈ ತನ್ನ ಮಗಳದೇ, ಪೆಟ್ಟು ಮಾತ್ರ ಯಾಕೆ ಅವಳದಲ್ಲ ಎಂದು ಟೇಪು ತಿರುಗಿಸುತ್ತಿರಬಹುದು. ಹೀಗೆ ತೋಚಿದ್ದನ್ನೇ ಮಗಳಿಗೂ ಹೇಳಿದೆ, ಅಷ್ಟೆ.

ಮೂರೂವರೆಗೆ ಮಗಳು ಫೋನ್ ಮಾಡಿದಳು. ಡ್ರಮ್ಸ್‌ಗೆ ಎರಡು ಹೆಸರು ಬರಬೇಕೆಂದು, ಆ ಹುಡುಗಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಎರಡು ಸಲ ಬರೆಸಿದಳು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನತ್ತ ತಿರುಗಿದಳು.

"ಯಾರದು ಮೊದಲು ಅಂತ ಕೇಳ್ತಿದಾರೆ."

ಬುಟ್ಟಿಯ ತಳದಲ್ಲಿ ಕೆಂಪು ಅಂಗಿ ಸಿಕ್ಕಿತು. ಆ ಹುಡುಗಿಯ ಉದ್ದ ಕೈ ಎಳೆದು ಎಡ ತೋಳಿನ ಹೊಲಿಗೆ ಬಿಟ್ಟಿತ್ತು. ಸೂಜಿಗೆ ದಾರ ಪೋಣಿಸಿಕೊಂಡೆ. ಯಾರ ಅಳತೆಗೆ ಹೊಲಿಯುವುದೆಂದು ತಿಳಿಯದೆ ಅದನ್ನು ತೊಡೆಯ ಮೇಲೆ ಹರಡಿಕೊಂಡು ಕೂತೆ.