ದಫೇದಾರರ ಕೈಯ ಕರಿ ಬ್ರಷ್ಷು

ನಾನು ಒಂದು ಬೂಟಿನ ಬ್ರಷ್ಷು. ಮೈಯೆಲ್ಲ ಕುದುರೆಯ ಕೂದಲು, ಬೆನ್ನು ಮಾತ್ರ ಮರದ್ದು. ಯಾವ ಕುದುರೆ ಎಂದು ಕೇಳಬೇಡಿ, ಹೆತ್ತವರ ಗುರುತು ನಮ್ಮವರಲ್ಲಿ ಯಾರಿಗೂ ಇಲ್ಲ. ಯಾವುದೋ ಕಾರ್ಖಾನೆಯಲ್ಲಿ ಮರದ ತುಂಡಿಗೆ ಸಾಲಾಗಿ ತೂತು ಕೊರೆದು, ಒಂದೊಂದರಲ್ಲೂ ಒಂದು ಕುಚ್ಚು ಕೂದಲು ತುರುಕಿ, ತುದಿ ಕತ್ತರಿಸಿ ಸಮ ಮಾಡಿದರು. ಅಲ್ಲಿಂದ ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯೊಂದಕ್ಕೆ ಬಂದೆ. ಗಾಜಿನ ಕಪಾಟಿನಲ್ಲಿ ಎರಡು ವರ್ಷ ಕೂತು, ನನಗಿಂತ ಮೊದಲು ಮಾರಾಟವಾದ ಪ್ರತಿಯೊಂದು ಬ್ರಷ್ಷನ್ನೂ ನೋಡಿ ಹೊಟ್ಟೆ ಉರಿದುಕೊಂಡೆ. ಈ ಗುಣ ನನಗೆ ಹುಟ್ಟಿನಿಂದ ಬಂದದ್ದು, ಮುಚ್ಚಿಟ್ಟು ಏನು ಪ್ರಯೋಜನ?

ಕೊನೆಗೆ ನನ್ನನ್ನು ಕೊಂಡವರು ಫಕೀರಪ್ಪನವರು. ಧಾರವಾಡದ ಕೋರ್ಟಿನಲ್ಲಿ ದಫೇದಾರರು. ಬಿಳಿ ಅಂಗಿ, ಕೆಂಪು ಪಟ್ಟಿ, ತಲೆಗೆ ಪೇಟ ಧರಿಸಿ ನ್ಯಾಯಾಧೀಶರ ಮುಂದೆ ನಡೆದು ದಾರಿ ಬಿಡಿಸುವುದು ಅವರ ಕೆಲಸ. ಜನ ಪೇಟವನ್ನು ನೋಡುತ್ತಿದ್ದರು. ಅವರಿಗೆ ಮಾತ್ರ ಬೂಟಿನದೇ ಚಿಂತೆ. ಸಾಹೇಬರಿಗಿಂತ ಮೊದಲು ಕೋರ್ಟಿನ ಒಳಗೆ ಕಾಲಿಡುವುದು ತನ್ನ ಬೂಟು ಎಂದು ಹೆಂಡತಿ ಗಂಗವ್ವನಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು.

ಪ್ರತಿ ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ ಕೂರುವರು. ಲೇಸು ಬಿಚ್ಚಿ, ಒಣ ಬಟ್ಟೆಯಿಂದ ಧೂಳು ಒರೆಸಿ, ಕರಿ ಪಾಲಿಶ್ ಡಬ್ಬಿ ತೆಗೆದು, ಬೆರಳಿಗೆ ಬಟ್ಟೆ ಸುತ್ತಿಕೊಂಡು ತೆಳ್ಳಗೆ ಹಚ್ಚುವರು. ಅದು ಆರುವಷ್ಟರಲ್ಲಿ ಚಹಾ. ಆಮೇಲೆ ನನ್ನ ಸರದಿ. ಎಡಗೈ ಬೂಟಿನೊಳಗೆ, ಬಲಗೈಯಲ್ಲಿ ನಾನು. ಆ ಹೆಬ್ಬೆರಳು ನನ್ನ ಬೆನ್ನಿನ ಮೇಲೆ ಕೂತು ಕೂತು ಅಲ್ಲೊಂದು ಗುಳಿಯೇ ಬಿದ್ದಿದೆ. ಬೆವರು ಬರುವವರೆಗೆ ತಿಕ್ಕಿದ್ದು ನಾನು, ಕೊನೆಗೆ ಹರಕು ಬನಿಯನ್ ತುಂಡೊಂದು ಬಂದು ನಾಲ್ಕು ಸಲ ಸವರಿ ಹೊಳಪೆಲ್ಲ ತನ್ನದೇ ಎಂಬಂತೆ ಮೆರೆಯುವುದು! ಅದರ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ವಾರಕ್ಕೊಂದು ದಿನ ಆ ಕೈ ನನ್ನದಾಗಿತ್ತು. ನನಗೆ ಬೇಕಿದ್ದುದು ಅದೊಂದೇ.

ಹೀಗೆ ಇಪ್ಪತ್ತೆಂಟು ವರ್ಷ ಕಳೆದವು. ಮಗಳು ಸಾವಂತ್ರಿಗೆ ಮದುವೆ ಗೊತ್ತಾಯಿತು. ವರ ಗುರುಪಾದ, ಬಾಗಲಕೋಟೆಯ ಬಸ್ ಡಿಪೋದಲ್ಲಿ ಗುಮಾಸ್ತ. ವರನಿಗೆ ಸೂಟು ಬೂಟು ಕೊಡುವುದು ಹೆಣ್ಣಿನವರ ಪಾಲಿನದು. ಬೂಟು ತಿಳಿ ಕಂದು ಬಣ್ಣದ್ದೇ ಆಗಬೇಕೆಂದು ಅವನ ಸೋದರತ್ತೆ ಕಾಶವ್ವ ಅಂಗಡಿಗೇ ಬಂದು ಆರಿಸಿಕೊಟ್ಟು ಹೋಗಿದ್ದರು.

ಆ ಜೋಡಿ ಮನೆಗೆ ಬಂದ ದಿನ ನನ್ನ ನೆಮ್ಮದಿ ಹಾಳಾಯಿತು. ಅದಕ್ಕೆ ಮಲಗಲು ತೆಳು ಹತ್ತಿಯ ಮಲ್ಲು ಬಟ್ಟೆಯ ಚೀಲ! ಜೊತೆಗೊಂದು ಪುಟ್ಟ ಶೀಶೆಯಲ್ಲಿ ಕ್ರೀಮು. ಹೊಸ ಚರ್ಮ ಬಿರುಕು ಬಿಡಬಾರದು, ಮೆತ್ತನೆಯ ಬಟ್ಟೆಯಿಂದ ಇದನ್ನಷ್ಟೇ ಹಚ್ಚಿ, ಬ್ರಷ್ಷು ತಾಗಿಸಬೇಡಿ ಎಂದು ಅಂಗಡಿಯವನು ಹೇಳಿಕೊಟ್ಟಿದ್ದನಂತೆ. ಬ್ರಷ್ಷು ತಾಗಿಸಬಾರದಂತೆ! ಎರಡು ಭಾನುವಾರ ನಮ್ಮ ದಫೇದಾರರು ಆ ಕಂದು ಬೂಟನ್ನು ಮಡಿಲಲ್ಲಿ ಇಟ್ಟುಕೊಂಡು, ಮಗುವಿಗೆ ಎಣ್ಣೆ ಹಚ್ಚಿದಂತೆ ಬೆರಳಿನಿಂದ ಸುತ್ತಿ ಸುತ್ತಿ ಕ್ರೀಮು ತಿಕ್ಕಿದರು. ಕರಿ ಬೂಟು ಧೂಳು ತಿನ್ನುತ್ತಾ ಬಿದ್ದಿತ್ತು. ಡಬ್ಬಿಯ ಪಕ್ಕದಲ್ಲಿ ನಾನು ಹಲ್ಲು ಕಡಿಯುತ್ತಾ ಬಿದ್ದಿದ್ದೆ.

ಮದುವೆಗೆ ಎರಡು ದಿನ ಇತ್ತು. ಮಧ್ಯಾಹ್ನ ಅವರು ಆ ಬೂಟನ್ನು ಬಿಸಿಲಿಗೆ ಹಿಡಿದು ಎಷ್ಟೋ ಹೊತ್ತು ನೋಡಿದರು. ಹೊಳಪು ಮನಸ್ಸಿಗೆ ಬರಲಿಲ್ಲ. ಇಡೀ ಕೋರ್ಟು ಮೆಚ್ಚಿದ ಹೊಳಪು ಅವರದು, ಅಳಿಯನ ಬೂಟು ಇಷ್ಟು ಮಂಕಾಗಿ ಹೋಗುವುದೇ? ಕೈ ನನ್ನ ಕಡೆ ಬಂತು. ಬ್ರಷ್ಷಿಗೂ ಬಣ್ಣ ಇರುತ್ತದೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಆ ಮನೆಯಲ್ಲಿ ಅದುವರೆಗೆ ಕರಿ ಬೂಟು ಬಿಟ್ಟು ಬೇರೆ ಬೂಟೇ ಇರಲಿಲ್ಲ.

ನನಗೆ ಗೊತ್ತಿತ್ತು. ನನ್ನ ಕೂದಲಿನ ಬುಡದಲ್ಲಿ ಇಪ್ಪತ್ತೆಂಟು ವರ್ಷದ ಕರಿ ಕೂತಿತ್ತು. ಆ ಸೊಕ್ಕಿನ ಚರ್ಮಕ್ಕೆ ಅಷ್ಟನ್ನೂ ಸಂತೋಷದಿಂದ ಬಳಿದೆ. ನಾಲ್ಕೇ ಎಳೆತಕ್ಕೆ ಎಡಬೂಟಿನ ಮೂತಿ ಮಸಿ ಹಿಡಿದ ಒಲೆಯಂತಾಯಿತು. ಆಹಾ, ಎಂಥ ಸುಖ!

ಆಮೇಲೆ ತಲೆಯೆತ್ತಿ ಅವರ ಮುಖ ನೋಡಿದೆ. ಸುಖ ಅಲ್ಲೇ ಇಳಿದುಹೋಯಿತು. ಒದ್ದೆ ಬಟ್ಟೆಯಿಂದ ಒರೆಸಿದರು, ಕರಿ ಇನ್ನಷ್ಟು ಹರಡಿತು. ಗಂಗವ್ವ ಬಾಗಿಲಿಗೆ ಬಂದವರು ತಲೆಯ ಮೇಲೆ ಕೈಯಿಟ್ಟುಕೊಂಡು, ಇನ್ನು ಕಾಶವ್ವನ ಬಾಯಿಗೆ ಸಿಕ್ಕಂತೆಯೇ ಎಂದು ಅಲ್ಲೇ ಕುಸಿದು ಕೂತರು. ಅಂಗಡಿಯಲ್ಲಿ ಆ ಬಣ್ಣದ್ದು ಇದ್ದುದೇ ಈ ಒಂದು ಜೋಡಿ. ದಫೇದಾರರು ನನ್ನನ್ನು ತಿರುಗಿಸಿ ಹಿಡಿದು, ಕೂದಲಿನ ಬುಡವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿದರು.

ಅರಿಶಿನ ಹಚ್ಚಿಕೊಂಡ ಕೈಯಲ್ಲೇ ಸಾವಂತ್ರಿ ಹೊರಗೆ ಬಂದಳು. ಬೂಟನ್ನೊಮ್ಮೆ ನೋಡಿದಳು, ಅಪ್ಪನನ್ನೊಮ್ಮೆ ನೋಡಿದಳು.

“ಯಪ್ಪಾ, ಇಲ್ಲಿ ಕೊಡು. ಒಂದ ಕಡೆ ಕರಿ ಆಗೇತಿ ಅಂದ್ರ ಎಲ್ಲಾ ಕಡೆ ಅಷ್ಟ ಹಚ್ಚೂಣು.”

ಅಂಗೈಗೆ ಬಟ್ಟೆ ಸುತ್ತಿಕೊಂಡು ಕೂತಳು. ಒಂದು ಬೊಟ್ಟು ಕ್ರೀಮು, ಮೇಲೆ ನನ್ನಿಂದ ಹಗುರಾಗಿ ಎರಡು ಎಳೆತ, ಮತ್ತೆ ಕ್ರೀಮು. ಅಪ್ಪ ಬಲಬೂಟು ಹಿಡಿದರು, ಮಗಳು ಎಡಬೂಟು ಹಿಡಿದಳು, ನಾನು ಇಬ್ಬರ ಕೈಗೂ ಓಡಾಡಿದೆ. ಹೊತ್ತು ಇಳಿಯುವಷ್ಟರಲ್ಲಿ ತಿಳಿ ಕಂದು ಹೋಗಿ, ಹುರಿದ ಕಾಫಿ ಬೀಜದ ಬಣ್ಣ ಬಂದಿತ್ತು. ನಿಜ ಹೇಳುತ್ತೇನೆ, ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿತ್ತು.

ಬೀಗರು ಬಂದರು. ಕಾಶವ್ವ ಬೂಟನ್ನು ತಿರುಗಿಸಿ ಮುರುಗಿಸಿ ನೋಡಿ, ತಾನು ಆರಿಸಿದ್ದು ಇದಲ್ಲ ಎಂದು ಎಲ್ಲರ ಮುಂದೆ ಹೇಳಿಯೇಬಿಟ್ಟರು. ಇನ್ನೊಬ್ಬರಾಗಿದ್ದರೆ ಅಂಗಡಿಯವನ ಮೇಲೆ ಹಾಕುತ್ತಿದ್ದರು. ನಮ್ಮ ದಫೇದಾರರು ಎದ್ದು ನಿಂತು, ಬೂಟು ಅದೇ, ತಪ್ಪು ತನ್ನದು ಎಂದು ನಡೆದುದನ್ನೆಲ್ಲ ಹೇಳಿದರು. ನನ್ನನ್ನೂ ತಂದು ತೋರಿಸಿದರು. ಗುರುಪಾದ ಬೂಟನ್ನು ಕಾಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದ.

“ಇಂಥಾ ಬಣ್ಣ ಯಾರ ಕಾಲಾಗೂ ನೋಡಿಲ್ರಿ ಮಾವಾರ. ಮುಂದ ಮಾಸಿದ್ರ ಏನ್ ಹಚ್ಚಬೇಕ್ರಿ ಇದಕ್ಕ?”

ದಫೇದಾರರ ಎದೆಯ ಭಾರ ಇಳಿದದ್ದು ಉಸಿರಿನಲ್ಲೇ ಕೇಳಿಸಿತು. “ಏನೂ ಹಚ್ಚೂದು ಬ್ಯಾಡ್ರಿ. ಈ ಬ್ರಷ್ ನೀವ ಒಯ್ರಿ. ಆ ಬಣ್ಣ ಇದರಾಗ ಐತಿ” ಎಂದರು.

ಸಂತೋಷದ ಭರದಲ್ಲಿ ಆಡಿದ ಮಾತು. ನನ್ನನ್ನು ಯಾರು ಕೇಳಿದರು? ಅದೇ ಮಲ್ಲು ಬಟ್ಟೆಯ ಚೀಲದಲ್ಲಿ, ಆ ಕಂದು ಬೂಟಿನ ಪಕ್ಕದಲ್ಲಿ ಮಲಗಿ ಬಾಗಲಕೋಟೆಗೆ ಹೋದೆ.

ಇಲ್ಲಿ ನನಗೆ ಕಡಿಮೆ ಏನಿಲ್ಲ. ಬಾಗಿಲ ಹಿಂದಿನ ಗೂಡು ನನ್ನ ಮನೆ. ಹಬ್ಬಕ್ಕೋ ಯಾರದಾದರೂ ಮದುವೆಗೋ ಗುರುಪಾದ ಆ ಬೂಟು ತೆಗೆದಾಗ ಸಾವಂತ್ರಿ ನನ್ನನ್ನು ಹಿಡಿಯುತ್ತಾಳೆ. ಅವಳ ಹೆಬ್ಬೆರಳು ಸಣ್ಣದು, ನನ್ನ ಗುಳಿ ತುಂಬುವುದಿಲ್ಲ.

ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ದಫೇದಾರರು ಬಂದರು. ಕರಿ ಬೂಟನ್ನು ನನ್ನ ಗೂಡಿನ ಕೆಳಗೇ ಬಿಟ್ಟರು. ಅದು ಹೊಳೆಯುತ್ತಿತ್ತು. ಯಾವುದೋ ಹೊಸ ಬ್ರಷ್ಷು ತಿಕ್ಕಿದ ಹೊಳಪು, ಹೊಲಿಗೆಯ ಸಂದಿಯಲ್ಲಿ ಧೂಳು ಹಾಗೇ ಕೂತಿತ್ತು. ಹೊರಡುವ ಹೊತ್ತಿಗೆ ಸಾವಂತ್ರಿಯೂ ಅದನ್ನು ಕಂಡಳು. ತಾನೇ ಒಂದು ಸಲ ತಿಕ್ಕಿಕೊಡುತ್ತೇನೆಂದು ನನ್ನನ್ನು ಕೈಗೆತ್ತಿಕೊಂಡಳು. ಎಷ್ಟು ದಿನದಿಂದ ಕಾದಿದ್ದೆ!

“ಬ್ಯಾಡವ್ವಾ,” ಎಂದರು ಅವರು, ಬೂಟನ್ನು ಹಿಂದಕ್ಕೆ ಎಳೆದುಕೊಂಡು. “ಅದಕ್ಕ ಈಗ ಕಂದು ಹತ್ತೇತಿ. ನನ್ನ ಬೂಟ ಕೆಡತಾವು.”

ಸಾವಂತ್ರಿ ನನ್ನನ್ನು ಗೂಡಿನಲ್ಲಿಟ್ಟಳು. ಅವರು ಲೇಸು ಕಟ್ಟಿಕೊಂಡು ಮೆಟ್ಟಿಲಿಳಿದರು. ಧಾರವಾಡದ ಆ ಹೊಸ ಬ್ರಷ್ಷನ್ನು ನಾನು ಈವರೆಗೆ ನೋಡಿಲ್ಲ. ಅದರ ಬೆನ್ನಿನಲ್ಲಿ ಗುಳಿ ಬಿದ್ದಿರಬಾರದು, ಅಷ್ಟೇ.