ನೀಲವ್ವ ಕಾಯ್ದ ತೊಟ್ಟಿಲು

ಕಿನ್ನಾಳದ ಒಂದು ಓಣಿಯಲ್ಲಿ, ಬೇವಿನ ಮರದ ಕೆಳಗಿನ ತಗಡಿನ ಚಪ್ಪರದಲ್ಲಿ ನಾನು ತೊಟ್ಟಿಲಾದೆ. ಅದಕ್ಕೂ ಮೊದಲು ಸಾಗವಾನಿಯ ಹಲಗೆಯಾಗಿದ್ದೆ. ಆ ಕಾಲದ್ದು ನನಗೆ ಅಷ್ಟಾಗಿ ನೆನಪಿಲ್ಲ. ಶೇಷಪ್ಪ ಎಂಬ ಚಿತ್ರಗಾರ ನನ್ನ ಕಾಲುಗಳನ್ನು ಕಡೆದ. ಕೂಸಿನ ಮೈಗೆ ತಾಗುವ ಕಡೆಯಲ್ಲೆಲ್ಲ ಬೆರಳಾಡಿಸಿ, ಒಂದು ಸಿಬಿರೂ ಉಳಿಯದಂತೆ ಉಜ್ಜಿದ. ಆಮೇಲೆ ಕೆಂಪು ಬಳಿದು, ಎರಡೂ ಬದಿಗೆ ಹಸಿರು ಗಿಳಿಗಳನ್ನು ಬರೆದು, ಬಿಸಿಲಿಗಿಟ್ಟ.

ನನ್ನನ್ನು ಕೊಂಡವಳು ಕುಕನೂರಿನ ಪಾತ್ರೆ ಅಂಗಡಿ ಮನೆಯ ಪಾರ್ವತೆವ್ವ. ಸೊಸೆ ಗುರುಸಿದ್ಧವ್ವ ಚೊಚ್ಚಲ ಬಸುರಿಯಾಗಿದ್ದಳು. ಪಾರ್ವತೆವ್ವ ಬಸ್ಸಿನ ಮೇಲೆ ನನ್ನನ್ನು ಹೇರಿಸಿಕೊಂಡು ಹೋಗಿ, ಪಡಸಾಲೆಯ ತೊಲೆಗೆ ಸರಪಳಿ ಹಾಕಿಸಿ ತೂಗುಬಿಟ್ಟಳು. ನನ್ನಲ್ಲಿ ಮೊದಲು ಮಲಗಿದ ಕೂಸು ನೀಲಾಂಬಿಕಾ. ಮನೆಯವರ ಬಾಯಲ್ಲಿ ನೀಲವ್ವ.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರು ಕರೆಯುವ ಹಕ್ಕು ಸೋದರತ್ತೆಯದು, ಅಂದರೆ ಕೂಸಿನ ಅಪ್ಪನ ಅಕ್ಕನದೋ ತಂಗಿಯದೋ. ಆಕೆ ತೊಟ್ಟಿಲೊಳಗೆ ಬಾಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ, ‘ಕುರ್ರ್’ ಎಂದು ಹೆಸರು ಹೇಳಬೇಕು. ಆಕೆ ಬಾಗಿದ್ದೇ ತಡ, ಸುತ್ತ ನೆರೆದ ಹೆಂಗಸರೆಲ್ಲ ಮುಷ್ಟಿ ಕಟ್ಟಿ ಬೆನ್ನಿಗೆ ಗುದ್ದುತ್ತಾರೆ. ಪ್ರೀತಿಯ ಗುದ್ದೇ, ಆದರೆ ಹಗುರವಲ್ಲ. ನೀಲವ್ವನ ಹೆಸರು ಕರೆದ ಸೋದರತ್ತೆ ನಗುತ್ತ ನನ್ನ ಅಂಚು ಹಿಡಿದುಕೊಂಡೇ ಎದ್ದು ನಿಂತಳು. ಆ ದಿನ ಓಣಿಗೆಲ್ಲ ಸಕ್ಕರೆ ಹಂಚಿದರು. ಅಂಥ ಕೂಸು ಇನ್ನೊಂದಿಲ್ಲ ಎಂದರು.

ಮಾತು ಬದಲಾದದ್ದು ಮೆಲ್ಲಗೆ. ನೀಲವ್ವ ಕೂರುವುದು ತಡವಾಯಿತು, ನಡೆಯುವುದು ಇನ್ನೂ ತಡವಾಯಿತು. ಮಾತು ಬಂದರೂ ನಾಲಗೆ ದಪ್ಪವಾಗಿ ಬಂತು. ನೋಡಲು ಬಂದವರು ನನ್ನ ಗಿಳಿಗಳನ್ನು ಹೊಗಳಿ, ಕೂಸಿನ ಬಗ್ಗೆ ಏನೂ ಹೇಳದೆ ಹೋಗತೊಡಗಿದರು. ಸಾಲಿಯ ಮಾಸ್ತರರು ಕೆಲವು ದಿನ ಕೂರಿಸಿಕೊಂಡು, ‘ಮನ್ಯಾಗ ಇಟ್ಕೊಳ್ರಿ’ ಎಂದು ವಾಪಸು ಕಳಿಸಿದರು. ಅಷ್ಟರಲ್ಲಿ ತಮ್ಮ ಮಹಾಂತೇಶ ಹುಟ್ಟಿ ನನ್ನೊಳಗೆ ಮಲಗಿದ್ದ. ಅವನನ್ನು ತೂಗಿದವಳು ಅವಳೇ. ತೂಗುತ್ತ ತೂಗುತ್ತ ಕೈಯಲ್ಲಿ ಹಗ್ಗ ಹಿಡಿದೇ ನಿದ್ದೆ ಹೋಗುತ್ತಿದ್ದಳು. ಯಾರೂ ಬೇಡ ಅನ್ನಲಿಲ್ಲ. ಅವಳಿನ್ನೂ ಹುಡುಗಿ, ಮನೆಯಲ್ಲಿ ಕೆಲಸ ಬಹಳ.

ಮಹಾಂತೇಶ ಬೆಳೆದ ಮೇಲೆ ನಾನು ಓಣಿಯವರ ತೊಟ್ಟಿಲಾದೆ. ಯಾರ ಮನೆಯಲ್ಲಿ ಹೆರಿಗೆಯಾದರೂ ನನ್ನನ್ನು ಹೊತ್ತೊಯ್ಯುತ್ತಿದ್ದರು. ನಾನು ಹೋದಲ್ಲೆಲ್ಲ ನೀಲವ್ವ ಹಿಂದೆಯೇ ಬರುತ್ತಿದ್ದಳು. ಹೆಸರಿಡುವುದೆಂದರೆ ಅವಳಿಗೆ ಪ್ರಾಣ. ಆದರೆ ಹರೆಯಕ್ಕೆ ಬಂದ ಮೇಲೆ ಬಾಗಿಲಲ್ಲೇ ತಡೆಯತೊಡಗಿದರು.

“ಬಸುರಿ ಹೆಂಗಸು ಕುಂತಾಳ, ಮುಂದ ಬರಬ್ಯಾಡಬೇ. ಹಿಂದ ಹೋಗು.”

ಅವಳ ಮುಖ ನೋಡಿದರೆ ಹುಟ್ಟುವ ಕೂಸು ಅವಳ ಹಾಗಾಗುತ್ತದೆ ಎಂದು ಅವರ ಅಂಜಿಕೆ. ನೀಲವ್ವ ಹಿತ್ತಿಲಿಗೆ ಹೋಗಿ ಕಿಟಕಿಯಿಂದ ನೋಡುತ್ತಿದ್ದಳು. ಸರಳು ಹಿಡಿದ ಅವಳ ಬೆರಳುಗಳು ನನಗೆ ಕಾಣುತ್ತಿದ್ದವು.

ಮಹಾಂತೇಶ ಮದುವೆಯಾದ. ಹೆಂಡತಿ ಸುವರ್ಣಾ ಹುನಗುಂದದ ಕಡೆಯವಳು. ತವರಿನಲ್ಲಿ ತಾಯಿ ಇರಲಿಲ್ಲವಾಗಿ ಹೆರಿಗೆ ಇಲ್ಲಿಯೇ ಎಂದು ನಿಶ್ಚಯವಾಯಿತು. ನನ್ನನ್ನು ಅಟ್ಟದಿಂದ ಇಳಿಸಿ ತೊಳೆದರು. ನೀಲವ್ವನಿಗೆ ಆಗ ಮೂವತ್ತು ದಾಟಿತ್ತು.

“ಯವ್ವಾ, ನಾ ಹೆಸರ ಇಡತೇನಿ. ನಾ ಅತ್ತಿ,” ಎಂದಳು ತಾಯಿಗೆ.

“ಹೂಂ, ನೀನ ಇಡುವಂತಿ,” ಎಂದಳು ಗುರುಸಿದ್ಧವ್ವ, ರೊಟ್ಟಿ ಬಡಿಯುತ್ತ.

ಹೂಂ ಎಂದರೆ ಸುಮ್ಮನಾಗುತ್ತಾಳೆ ಎಂದು ತಾಯಿಗೆ ಗೊತ್ತಿತ್ತು. ಆದರೆ ನೀಲವ್ವ ಸುಮ್ಮನಾಗಲಿಲ್ಲ. ಮನೆ ಮಂದಿ ಮಧ್ಯಾಹ್ನ ಅಡ್ಡಾದಾಗ ಬಂದು, ನನ್ನೊಳಗೆ ಒಂದು ದಿಂಬಿಟ್ಟು, ಬಾಗಿ, ‘ಕುರ್ರ್’ ಎನ್ನುತ್ತಿದ್ದಳು. ಮೊದಮೊದಲು ಉಗುಳು ಸಿಡಿಯುತ್ತಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು ಮತ್ತೆ ಹೇಳುತ್ತಿದ್ದಳು. ಕೂಸು ಹುಟ್ಟುವ ಹೊತ್ತಿಗೆ ಅವಳ ಬಾಯಲ್ಲಿ ಆ ಶಬ್ದ ನಯವಾಗಿ ಕೂತಿತ್ತು.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ನನಗೆ ಚೆಂಡು ಹೂವಿನ ಮಾಲೆ ಕಟ್ಟಿದರು. ನೀಲವ್ವ ಹಸಿರು ಇಳಕಲ್ ಸೀರೆಯನ್ನು ತಾನೇ ಉಟ್ಟುಕೊಂಡು ಬಂದಳು. ನೆರಿಗೆ ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ಅಷ್ಟರಲ್ಲಿ ಗದಗಿನಿಂದ ಮಹಾಂತೇಶನ ಚಿಕ್ಕಪ್ಪನ ಮಗಳು ಶಶಿಕಲಾ ಬಂದಿಳಿದಳು. ಅವಳೂ ವರಸೆಯಲ್ಲಿ ಕೂಸಿಗೆ ಸೋದರತ್ತೆಯೇ. ಅವಳನ್ನು ಕರೆಸಿದ್ದೇ ಗುರುಸಿದ್ಧವ್ವ.

“ನೀಲವ್ವಾ, ಗಂಗವ್ವನ ಮನ್ಯಾಗ ಹೂವಿನ ಬುಟ್ಟಿ ಐತಿ, ತಗೊಂಡ ಬಾ ಹೋಗು,” ಎಂದಳು ಆಕೆ ಮಗಳಿಗೆ.

ನೀಲವ್ವ ನೆರೆಮನೆಗೆ ಓಡಿದಳು. ಅಲ್ಲಿ ಬುಟ್ಟಿಯಿರಲಿಲ್ಲ. ಅವಳನ್ನು ಅಲ್ಲೇ ಕೂರಿಸಿಕೊಳ್ಳಬೇಕೆಂದು ಗಂಗವ್ವನಿಗೆ ಮೊದಲೇ ಹೇಳಿಟ್ಟಿದ್ದರು. ಆದರೆ ಬುಟ್ಟಿ ಇಲ್ಲ ಎಂದು ಹೇಳಲು ನೀಲವ್ವ ತಿರುಗಿ ಬಂದೇಬಿಟ್ಟಳು.

ಅವಳು ಪಡಸಾಲೆಗೆ ಕಾಲಿಟ್ಟಾಗ ಶಶಿಕಲಾ ನನ್ನೊಳಗೆ ಬಾಗಿದ್ದಳು. ‘ಸಿಂಚನಾ’ ಎಂಬ ಹೆಸರು ಕೂಸಿನ ಕಿವಿಗೆ ಬಿತ್ತು. ಹೆಂಗಸರು ನಗುತ್ತ ಶಶಿಕಲಾಳ ಬೆನ್ನಿಗೆ ಗುದ್ದುತ್ತಿದ್ದರು. ನೀಲವ್ವ ಅವರ ನಡುವೆ ನುಗ್ಗಿದಳು. ತೊಟ್ಟಿಲ ಬಳಿ ಜಾಗವಿರಲಿಲ್ಲ. ಶಶಿಕಲಾಳ ಪಕ್ಕದಲ್ಲಿ, ಬರಿಯ ನೆಲದ ಕಡೆಗೆ ಬಾಗಿ, ಹೆಂಗಸರಿಗೆ ಬೆನ್ನು ಕೊಟ್ಟು ನಿಂತಳು. ಹಾಗೇ ನಿಂತು ಕಾದಳು.

ಅವಳ ಬೆನ್ನ ಮೇಲೆ ಒಂದು ಕೈಯೂ ಬೀಳಲಿಲ್ಲ. ನಗು ನಿಂತಿತು.

“ಅದನ್ನ ಆ ಕಡಿ ಕರಕೊಂಡ ಹೋಗ್ರಬೇ,” ಎಂದಳು ಯಾರೋ ಒಬ್ಬಾಕೆ.

ನನ್ನನ್ನೂ ‘ಅದು’ ಎನ್ನುತ್ತಾರೆ, ನಾನು ಮರ. ನನ್ನಲ್ಲಿ ಮಲಗಿದ ಕೂಸನ್ನೂ ‘ಅದು’ ಎನ್ನುತ್ತಾರೆ. ಅದು ಮುದ್ದಿಗೆ, ಕೂಸು ಬೆಳೆದ ಮೇಲೆ ಬಿಟ್ಟುಹೋಗುತ್ತದೆ. ನೀಲವ್ವನಿಗೆ ಅದು ಬಿಟ್ಟುಹೋಗಲಿಲ್ಲ. ಗುರುಸಿದ್ಧವ್ವ ಮಗಳ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು. ಅಡುಗೆ ಮನೆಯಲ್ಲಿ ಅತ್ತದ್ದು ತಾಯಿಯೇ. ಬೀಗರ ಮಂದಿ ಈ ಮನೆತನದ ಬಗ್ಗೆ ಏನು ತಿಳಿದಾರು ಎಂಬ ಭಯದಲ್ಲಿ ಆಕೆ ಅಷ್ಟು ವರ್ಷ ಬದುಕಿದ್ದಳು. ನೀಲವ್ವ ಅಳಲಿಲ್ಲ. “ಬುಟ್ಟಿ ಇಲ್ಲ ಯವ್ವಾ,” ಎಂದಳು.

ಸುವರ್ಣಾ ಬಾಣಂತಿ ಕೋಣೆಯ ಬಾಗಿಲಲ್ಲಿ ಕೂತು ಇದನ್ನೆಲ್ಲ ನೋಡಿದ್ದಳು. ಅವಳಿಗೂ ನಾದಿನಿಯ ಬಗ್ಗೆ ಅಳುಕಿತ್ತು. ಕೂಸನ್ನು ನೀಲವ್ವನೊಬ್ಬಳ ಕೈಗೆ ಬಿಟ್ಟವಳಲ್ಲ. ಆದರೆ ಕೆಲವು ದಿನಗಳ ಮೇಲೆ, ಹೊಸ್ತಿಲಾಚೆ ನಿಂತು ತೊಟ್ಟಿಲನ್ನೇ ನೋಡುತ್ತಿದ್ದ ನೀಲವ್ವನನ್ನು ಕಂಡು, “ಬರ್ರಿ ಅಕ್ಕಾರ, ತೂಗ್ರಿ,” ಎಂದಳು.

ನೀಲವ್ವ ಬಂದು ಹಗ್ಗ ಹಿಡಿದಳು. ಎಷ್ಟೋ ವರ್ಷಗಳ ಮೇಲೆ ಆ ಕೈಯ ಹದ ನನಗೆ ಸಿಕ್ಕಿತು. ಅವಸರವಿಲ್ಲದ, ಒಂದೇ ಸಮನಾದ ತೂಗು.

“ನಾ ಹೆಸರ ಇಡಲಿಲ್ಲ,” ಎಂದಳು.

“ಮುಂದಿನ ಕೂಸಿಗೆ ನೀವ ಇಡುವಂತ್ರಿ.”

“ಖರೇ?”

“ಖರೇನ ಅಕ್ಕಾರ.”

ಸುವರ್ಣಾ ಮನಸ್ಸಿಟ್ಟೇ ಹೇಳಿದ್ದಳು. ಆದರೆ ಮುಂದೆ ಅವಳಿಗೆ ಹೊಟ್ಟೆಯ ಕಾಯಿಲೆಯಾಗಿ, ಹುಬ್ಬಳ್ಳಿಗೆ ಹೋಗಿ ಗರ್ಭಕೋಶ ತೆಗೆಸಬೇಕಾಯಿತು. ಮನೆಯಲ್ಲಿ ಎಲ್ಲರಿಗೂ ತಿಳಿಯಿತು. ನೀಲವ್ವನಿಗೆ ಯಾರೂ ಹೇಳಲಿಲ್ಲ. ಆಕೆಗೇನು ಹೇಳುವುದು ಎಂದುಕೊಂಡರು.

“ಕೂಸು ಯಾವಾಗ?” ಎಂದು ಅವಳು ಕೇಳುತ್ತಿದ್ದಳು.

“ಪಂಚಮಿಗೆ,” ಎನ್ನುತ್ತಿದ್ದ ಮಹಾಂತೇಶ ಅಂಗಡಿಗೆ ಹೊರಡುತ್ತ. ಪಂಚಮಿ ಕಳೆದರೆ “ದೀಪಾವಳಿಗೆ.” ಆಮೇಲೆ “ಉಗಾದಿಗೆ.” ಬಾಯಿಗೆ ಬಂದ ಹಬ್ಬದ ಹೆಸರು ಹೇಳಿ ಮರೆಯುತ್ತಿದ್ದ. ಅವಳು ಮರೆಯುತ್ತಿರಲಿಲ್ಲ. ಪ್ರತಿ ಹಬ್ಬದ ಮುಂಚೆ ನನ್ನನ್ನು ಹಿತ್ತಿಲಿಗೆ ಎಳೆದೊಯ್ದು, ನೀರು ಹೊಯ್ದು, ತಿಕ್ಕಿ ತೊಳೆದು ಒಣಗಿಸುತ್ತಿದ್ದಳು. ಹಾಗೆ ತೊಳೆದೂ ತೊಳೆದೂ ನನ್ನ ಗಿಳಿಗಳ ಬಣ್ಣ ಹೋಯಿತು. ಗುರುಸಿದ್ಧವ್ವ ತೀರಿಕೊಂಡಳು. ಸಿಂಚನಾ ದೊಡ್ಡವಳಾಗಿ ಧಾರವಾಡದ ಹಾಸ್ಟೆಲು ಸೇರಿದಳು. ನೀಲವ್ವನ ತಲೆ ನೆರೆಯಿತು. ನನ್ನನ್ನು ಇಟ್ಟಿದ್ದ ಹಿಂದಿನ ಕೋಣೆಗೇ ಅವಳ ಹಾಸಿಗೆಯೂ ಬಂತು. ಸಂಜೆ ಅವಳು ಖಾಲಿ ತೊಟ್ಟಿಲು ತೂಗುತ್ತ ಕೂರುತ್ತಿದ್ದಳು. ಭಾರವಿಲ್ಲದ ತೊಟ್ಟಿಲು ಸರಿಯಾಗಿ ತೂಗುವುದಿಲ್ಲ, ಅತ್ತಿತ್ತ ಹೊಯ್ದಾಡುತ್ತದೆ. ಕೂಸಿಗಾಗಿ ಅವಳೆಷ್ಟು ಕಾದಳೋ ನಾನೂ ಅಷ್ಟೇ ಕಾದೆ.

ಒಂದು ಪಂಚಮಿಯ ಹಿಂದಿನ ದಿನ ಅವಳು ತನ್ನ ಇಳಕಲ್ ಸೀರೆಯನ್ನು ಮಡಿಸಿ ನನ್ನೊಳಗೆ ಹಾಸಿದಳು. ಸುವರ್ಣಾ ಉಂಡಿಗೆ ಎಳ್ಳು ಹುರಿಯುತ್ತಿದ್ದವಳು ಬಂದು ನೋಡಿದಳು.

“ನಾಳೆ ಕೂಸು ಬರ್ತೈತಿ,” ಎಂದಳು ನೀಲವ್ವ.

“ದೀಪಾವಳಿಗೆ ಅಂತ ಹೇಳು, ಮುಗೀತು,” ಎಂದ ಪಡಸಾಲೆಯಿಂದ ಮಹಾಂತೇಶ.

ಸುವರ್ಣಾ ಹೇಳಲಿಲ್ಲ. ನೆಲದ ಮೇಲೆ ನೀಲವ್ವನ ಎದುರು ಕೂತಳು.

“ಅಕ್ಕಾರ, ಇನ್ನ ಕೂಸು ಬರಂಗಿಲ್ಲ. ನನ್ನ ಹೊಟ್ಟ್ಯಾಗ ಕೂಸು ಇರೂ ಜಾಗಾನ ಡಾಕ್ಟರು ತಗದಾರ.”

“ನಾಳೆ ಬರಂಗಿಲ್ಲ?”

“ಇಲ್ಲ.”

“ದೀಪಾವಳಿಗೆ?”

“ಯಾವ ಹಬ್ಬಕ್ಕೂ ಬರಂಗಿಲ್ರಿ ಅಕ್ಕಾರ.”

ನೀಲವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಅತ್ತಳು. ಆ ಮನೆ ಕೇಳಿರದಂಥ ದೊಡ್ಡ ದನಿಯಲ್ಲಿ, ಸತ್ತವರ ಮುಂದೆ ಅಳುವ ಹಾಗೆ ಅತ್ತಳು. ಮಹಾಂತೇಶ ಎದ್ದು ಬಂದ.

“ಯಾಕ ಹೇಳಿದಿ? ಆಕಿ ತನ್ನ ಪಾಡಿಗೆ ತಾ ಇದ್ಲಲ್ಲ!”

“ತಮ್ಮ ಪಾಡಿಗೆ ಇರಲಿಲ್ರಿ ಅವರು. ನನ್ನ ಮಾತ ನಂಬಿ ಕಾಯಕೋತ ಇದ್ರು,” ಎಂದಳು ಸುವರ್ಣಾ.

ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಮಹಾಂತೇಶ ಒಳಗೆ ಬಂದು ಅಕ್ಕನ ಪಕ್ಕದಲ್ಲಿ ಕೂತ. ಆ ಪಂಚಮಿಗೆ ಮನೆಯಲ್ಲಿ ಉಂಡಿ ಕಟ್ಟಲಿಲ್ಲ.

ನೀಲವ್ವ ಕೆಲವು ದಿನ ನನ್ನ ಕಡೆಗೆ ತಿರುಗಲಿಲ್ಲ. ಆಮೇಲೆ ಒಂದು ಮುಂಜಾನೆ ಬಂದು, ನನ್ನೊಳಗಿನ ಸೀರೆ ತೆಗೆದು ಪೆಟ್ಟಿಗೆಗೆ ಹಾಕಿ, ಸುವರ್ಣಾಳನ್ನು ಕರೆದಳು.

“ಇದನ್ನ ಕೊಡು. ಕೂಸು ಇದ್ದ ಮನಿಗೆ ಕೊಡು.”

“ನಿಮಗ ಬ್ಯಾಡೇನ್ರಿ ಅಕ್ಕಾರ?”

“ಬೇಕು,” ಎಂದಳು ನೀಲವ್ವ. ನನ್ನ ಅಂಚಿನ ಮೇಲೆ ಅಂಗೈ ಇಟ್ಟಳು. “ಬೇಕು. ಕೊಡು.”

ಬಸ್ ನಿಲ್ದಾಣದ ಹಿಂದೆ ಬಾಳೆಹಣ್ಣು ಮಾರುವ ಯಮನೂರಪ್ಪನ ಮನೆಗೆ ನನ್ನನ್ನು ಒಯ್ದರು. ಒಂದು ಕಡೆ ಮಹಾಂತೇಶ ಹಿಡಿದ, ಇನ್ನೊಂದು ಕಡೆ ನೀಲವ್ವ. ಓಣಿಯ ಹೆಂಗಸರು ಕಟ್ಟೆಯಿಂದ ನೋಡಿದರು. ಯಮನೂರಪ್ಪನ ಬಾಗಿಲಲ್ಲಿ ನನ್ನನ್ನು ಇಳಿಸಿ, ಅವಳು ಸರಪಳಿಯ ಕೊಂಡಿಗಳನ್ನು ಒಂದೊಂದಾಗಿ ಎಳೆದು ನೋಡಿದಳು. ಗಟ್ಟಿಯಾಗಿವೆ ಎಂದು ಖಾತ್ರಿಯಾದ ಮೇಲೆ ತಮ್ಮನ ಹಿಂದೆ ಹೊರಟುಹೋದಳು.

ಈಗ ಆ ಮನೆಯ ಕೂಸುಗಳೂ ಬೆಳೆದಿವೆ. ನಾನು ಮೂಲೆಯಲ್ಲಿದ್ದೇನೆ, ನನ್ನೊಳಗೆ ಹಳೆಯ ಕೌದಿಗಳಿವೆ, ಒಂದು ಬೆಕ್ಕು ಬಂದು ಮಲಗುತ್ತದೆ. ನನ್ನಲ್ಲಿ ಮಲಗಿದ ಮಕ್ಕಳು ಒಬ್ಬರೂ ನನ್ನನ್ನು ನೆನೆಯುವುದಿಲ್ಲ. ತೊಟ್ಟಿಲನ್ನು ಮರೆಯುವುದೇ ಬೆಳೆಯುವುದು, ನನಗೆ ಬೇಸರವಿಲ್ಲ. ಬೆಳೆದ ಮೇಲೂ ನನ್ನನ್ನು ಮರೆಯದವಳು ಒಬ್ಬಳಿದ್ದಾಳೆ, ಎರಡು ಓಣಿಗಳಾಚೆ. ಅವಳು ತೂಗಿದ ಹಾಗೆ ಮತ್ತೆ ಯಾರೂ ನನ್ನನ್ನು ತೂಗಲಿಲ್ಲ. ಆ ಕೈಗೊಂದು ಕೂಸು ಕೊಡಲು ಮರವಾಗಿ ಹುಟ್ಟಿದ ನನ್ನ ಕೈಲಾಗಲಿಲ್ಲ, ಅವಳ ಸುತ್ತಲಿನವರು ಮನುಷ್ಯರಾಗಿಯೂ ಮನಸ್ಸು ಮಾಡಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹಲಗೆ ಕಾದು ಸಣ್ಣಗೆ ಸದ್ದು ಮಾಡಿದಾಗ, ಮರ ಬಿರಿಯುತ್ತಿದೆ ಎಂದು ಈ ಮನೆಯವರು ತಿಳಿಯುತ್ತಾರೆ. ನಾನು ನೀಲವ್ವನನ್ನು ಕರೆಯುತ್ತಿರುತ್ತೇನೆ.